ಆ ಕಾಲದಲ್ಲೇ ಜೋಡಿಸಿದ್ದು ಸ್ವಾಮಿ!

ಬ್ಲಾಗಿನ ಕಡೆ ತಲೆ ಹಾಕದೆ ನಾಲ್ಕು ತಿಂಗಳಾಯ್ತು, ಕ್ಷಮೆಯಿರಲಿ. ಈ ಸಲ ಬರೆಯೋಕೆ ಕೂತಿದ್ದು ಸಿಟ್ಟಿನಿಂದ. ಇಂಗ್ಲೆಂಡಿಗೆ ಬಂದು ಇಷ್ಟು ವರ್ಷವಾದರೂ ಸಿಟ್ಟು ಬಂದಾಗ ಇಂಗ್ಲಿಷಿನಲ್ಲಿ ನೆಟ್ಟಗೆ ಬೈಯೋಕೆ ಬರಲ್ಲ ನನಗೆ. ಅದಕ್ಕೇ ಇಲ್ಲಿಗೆ ಬಂದೆ :-)

ವಿಷಯ ಯುರೋಪಿನ ಹಳೇ ಕತ್ತಿಗಳದ್ದು. ಹೌದು, ಮತ್ತೆ ಕತ್ತಿ! ಮಳೆಯಿಂದ ತಪ್ಪಿಸಿಕೊಳ್ಳೋಕೆ ಅಂತ ಲೀಡ್ಸಿನ ರಾಯಲ್ ಆರ್ಮರೀಸ್ ಮ್ಯೂಸಿಯಮ್ಮಿಗೆ ನುಗ್ಗಿ (ಪ್ರವೇಶ ಪುಕ್ಕಟೆ ಬೇರೆ), ಹೊರಗೆ ಬರುವಷ್ಟರಲ್ಲಿ ಹುಚ್ಚು ಹತ್ತಿಸಿಕೊಂಡ ಕಥೆ ಹಳೇ ಓದುಗರಿಗೆ ಗೊತ್ತು. ಹೊಸಬರಿಗೆ ಇಷ್ಟು ಸಾಕು: ಬೇರೆಯವರು ಸ್ಟಾಂಪು, ನಾಣ್ಯ ಕೂಡಿಡೋ ಹಾಗೆ ನಾನು ಕತ್ತಿ ಕೂಡಿಡ್ತೀನಿ. ಜಾಸ್ತಿಯೇನಿಲ್ಲ, ಐದೇ ಐದು. ಅದರಲ್ಲೊಂದು ಮೋಸದ್ದು.

ಹೋದ ವಾರ ಒಂದು ಹಳೇ ಸಾಮಾನಿನ ಮೇಳಕ್ಕೆ ಹೋಗಿದ್ದೆ. ಒಂದು ಮೇಜಿನ ಮೇಲೆ ರೇಪಿಯರ್ ಇತ್ತು. ರೇಪಿಯರ್ ಅಂದರೆ ಉದ್ದನೆಯ, ಸಪೂರ ಅಲಗಿನ ಕತ್ತಿ. ಕೈ ಕಾಯೋಕೆ ಬಳ್ಳಿ ಸುತ್ತಿದ ಹಾಗೆ ಕಬ್ಬಿಣದ ಉಂಗುರಗಳಿರುತ್ತವೆ. ಚೀಟಿಯಲ್ಲಿ 17ನೇ ಶತಮಾನ ಅಂತ ಬರೆದಿತ್ತು. ಒಬ್ಬ ಹುಡುಗ, ಇಪ್ಪತ್ತೈದು ದಾಟಿರಲಿಕ್ಕಿಲ್ಲ, ಅದನ್ನು ಎತ್ತಿ ಎತ್ತಿ ನೋಡ್ತಿದ್ದ. "ಅಲಗು ಯಾಕೋ ಹಿಡಿಗೆ ಸರಿಯಾಗಿ ಕೂತಿಲ್ಲ ಅನ್ಸುತ್ತೆ" ಅಂತ ಕೇಳಿಯೂ ಕೇಳಿದ ಪಾಪ. ಅಂಗಡಿಯವನು ನಕ್ಕು, "ಅದಾ? ಆ ಕಾಲದಲ್ಲೇ ಜೋಡಿಸಿದ್ದು" ಅಂದ. ಹುಡುಗನ ಮುಖ ಅರಳಿತು. ದುಡ್ಡು ಎಣಿಸಿದ. ನಾನು ಪಕ್ಕದಲ್ಲೇ ನಿಂತಿದ್ದೆ.

ಈ ಒಂದು ವಾಕ್ಯದ ಮೇಲೆ ನನಗೆ ಆರೇಳು ವರ್ಷದ ಹಗೆ ಇದೆ. ಯಾಕೆ ಅಂತ ಹೇಳ್ತೀನಿ.

ಮೊದಲೇ ಒಂದು ಮಾತು. ಬೇರೆ ಬೇರೆ ಕಡೆಯ ಭಾಗ ಸೇರಿಸಿದ ಕತ್ತಿ ಅಂದ ತಕ್ಷಣ ಅದು ಕಸ ಅನ್ನೋರ ಪೈಕಿ ನಾನಲ್ಲ. ಮಲೆನಾಡಿನ ನಮ್ಮ ಮನೆಯಲ್ಲಿ ಅಜ್ಜನ ಕತ್ತಿ ಈಗಲೂ ಇದೆ. ಸೊಂಟದ ಕತ್ತಿಕೊಕ್ಕೆಯಲ್ಲಿ ಸಿಕ್ಕಿಸಿಕೊಂಡು ತೋಟಕ್ಕೆ ಹೋಗ್ತಿದ್ದರು. ನನಗೆ ಬುದ್ಧಿ ಬಂದ ಮೇಲೇ ಅದಕ್ಕೆ ಎರಡು ಸಲ ಹಿಡಿ ಬದಲಾಗಿದೆ, ಆಚಾರಿ ಹತ್ತಿರ ಹಣಿಸಿದ್ದಕ್ಕಂತೂ ಲೆಕ್ಕವಿಲ್ಲ. ಆದರೂ ಅದು ಅಜ್ಜನ ಕತ್ತಿ. ಯಾರೂ ಅದನ್ನು ಡೂಪ್ಲಿಕೇಟು ಅನ್ನಲ್ಲ. ಉಪಯೋಗಿಸುವ ವಸ್ತು ಬದಲಾಗುತ್ತೆ.

ಯುರೋಪಿನಲ್ಲೂ ಹಾಗೇ. ಅಲ್ಲಿ ಕತ್ತಿ ಅನ್ನೋದು ಒಂದೇ ಕುಲುಮೆಯಲ್ಲಿ ಹುಟ್ಟಿ ಅಲ್ಲೇ ಮುಗಿದ ವಸ್ತುವಾಗಿದ್ದು ಕಡಿಮೆ. ಜರ್ಮನಿಯ ಸೋಲಿಂಗನ್, ಪಸ್ಸಾವ್, ಸ್ಪೇನಿನ ಟೊಲೆಡೊ ಇಂಥ ಊರುಗಳಲ್ಲಿ ಬರೀ ಅಲಗು ತಯಾರಾಗಿ ಮೂಟೆ ಮೂಟೆಯಾಗಿ ದೇಶದೇಶಕ್ಕೆ ಹೋಗೋದು. ಹೋದ ಊರಿನ ಕಸುಬುದಾರ ತನ್ನ ಗಿರಾಕಿಗೆ ಬೇಕಾದ ಹಿಡಿ ಹಾಕಿ ಮಾರೋದು. ಸ್ಕಾಟ್ಲೆಂಡಿನ ಬುಟ್ಟಿ ಹಿಡಿಯ ಕತ್ತಿಗಳನ್ನೇ ತಗೊಳ್ಳಿ. 18ನೇ ಶತಮಾನದಲ್ಲಿ ಸ್ಟರ್ಲಿಂಗಿನ ವಾಲ್ಟರ್ ಅಲನ್, ಗ್ಲಾಸ್ಗೋದ ಜಾನ್ ಸಿಂಪ್ಸನ್ ಮಾಡಿದ ಹಿಡಿಗಳನ್ನು ನೋಡಿದರೆ ಕಬ್ಬಿಣದಲ್ಲಿ ಕಸೂತಿ ಹಾಕಿದ ಹಾಗಿರುತ್ತೆ. ಆದರೆ ಅಂಥ ಹಿಡಿಗಳೊಳಗಿನ ಅಲಗು ಹೆಚ್ಚಾಗಿ ಸೋಲಿಂಗನ್ನಿನದು. ಅದರ ಮೇಲೆ "ಆಂಡ್ರಿಯಾ ಫೆರಾರಾ" ಅಂತ ಇಟಲಿಯ ಹೆಸರು! ಆ ಹೆಸರಿನ ಕಮ್ಮಾರ 16ನೇ ಶತಮಾನದಲ್ಲಿ ಬೆಲ್ಲುನೊ ಊರಲ್ಲಿದ್ದವನು. ಹೆಸರು ಚೆನ್ನಾಗಿ ಓಡುತ್ತೆ ಅಂತ ಜರ್ಮನಿಯವರು ನೂರಾರು ವರ್ಷ ಅದನ್ನೇ ಕುಟ್ಟಿದರು, ಒಬ್ಬೊಬ್ಬರು ಒಂದೊಂದು ಸ್ಪೆಲಿಂಗಿನಲ್ಲಿ. ಪಸ್ಸಾವಿನ ಓಡುವ ತೋಳದ ಗುರುತನ್ನೂ ಸೋಲಿಂಗನ್ನಿನವರು ಹೀಗೇ ಎತ್ತಿಕೊಂಡರು.

ನಮ್ಮ ಕಡೆಗೂ ಆ ಅಲಗುಗಳು ಬಂದಿವೆ. ದಖ್ಖನಿನಲ್ಲಿ, ಮರಾಠರಲ್ಲಿ ಯುರೋಪಿನ ನೇರ ಅಲಗಿಗೆ ಇಲ್ಲಿನ ಹಿಡಿ ಹಾಕಿದ ಕತ್ತಿಗೆ ಫಿರಂಗಿ ಅಂತಲೇ ಹೆಸರು. ಕನ್ನಡದಲ್ಲಿ ಫಿರಂಗಿ ಅಂದರೆ ತೋಪು, ಪರಂಗಿ ಅಂದರೆ ಹಣ್ಣು, ಎಲ್ಲದರ ಮೂಲ ಒಂದೇ: "ಫ್ರಾಂಕ್", ಅಂದರೆ ಯುರೋಪಿನವನು. ಜರ್ಮನ್ ಅಲಗು, ದೇಸಿ ಹಿಡಿ. ಇದಕ್ಕಿಂತ ಜೋಡಣೆ ಬೇಕಾ? ಅದನ್ನು ಯಾರಾದರೂ ಮೋಸ ಅಂತಾರಾ? ಅನ್ನಲ್ಲ. ಯಾಕಂದರೆ ಅದು ತಾನು ಏನು ಅನ್ನೋದನ್ನು ಮುಚ್ಚಿಡಲ್ಲ. ಹೆಸರಿನಲ್ಲೇ ಹೇಳಿಕೊಂಡಿದೆ.

ಅಲ್ಲಿಗೆ "ಆ ಕಾಲದಲ್ಲೇ ಜೋಡಿಸಿದ್ದು" ಅನ್ನೋ ಮಾತು ನಿಜವಾಗಿರೋದಕ್ಕೆ ಬೇಕಾದಷ್ಟು ಉದಾಹರಣೆ ಇದೆ. ಮುರಿದ ಅಲಗು ಬದಲಾಯಿಸಿದ್ದು, ತಾತನ ಅಲಗಿಗೆ ಹೊಸ ಫ್ಯಾಷನ್ನಿನ ಹಿಡಿ ಹಾಕಿಸಿದ್ದು, ಸೈನ್ಯದ ಉಗ್ರಾಣದಲ್ಲಿ ಒಬ್ಬನ ಕತ್ತಿ ಇನ್ನೊಬ್ಬನ ಒರೆಗೆ ಸೇರಿಕೊಂಡಿದ್ದು. ಇಷ್ಟು ನಿಜವಾದ ಮಾತಾಗಿರೋದರಿಂದಲೇ ಅದು ಸುಳ್ಳು ಹೇಳೋರಿಗೆ ಇಷ್ಟು ಅನುಕೂಲ!

ಈಗ ನನ್ನ ಕಥೆ.

2017ರಲ್ಲಿ ಒಂದು ಹಳ್ಳಿ ಕಡೆಯ ಹರಾಜಿನಲ್ಲಿ ಬುಟ್ಟಿ ಹಿಡಿಯ ಕತ್ತಿಯೊಂದನ್ನು ತಗೊಂಡೆ. ಚೀಟಿಯಲ್ಲಿ "ಸ್ಕಾಟಿಷ್, 18ನೇ ಶತಮಾನದ ಮಧ್ಯಭಾಗ" ಅಂತ ಇತ್ತು. ಬೆಲೆ ಹೇಳಿದರೆ ಹೆಂಡತಿಯೂ ಈ ಬ್ಲಾಗ್ ಓದ್ತಾಳೆ, ಬೇಡ. ಊರಿಗೆ ಹೋಗಿ ಬರೋಕೆ ಅಂತ ಎತ್ತಿಟ್ಟಿದ್ದ ದುಡ್ಡು ಅಂತ ಮಾತ್ರ ಹೇಳ್ತೀನಿ. ಆ ವರ್ಷ ಅಮ್ಮನ್ನ ನೋಡೋಕೆ ಹೋಗಲಿಲ್ಲ.

ಅಲಗು ಬುಟ್ಟಿಯಲ್ಲಿ ಕೂತ ಜಾಗದಲ್ಲಿ ಸ್ವಲ್ಪ ಸಂದಿ ಇತ್ತು. ಕೇಳಿದೆ. "ಆ ಕಾಲದಲ್ಲೇ ಜೋಡಿಸಿದ್ದು" ಅಂದರು. ನನಗೆ ಅಜ್ಜನ ಕತ್ತಿ ನೆನಪಾಯ್ತು, ಒಪ್ಪಿಕೊಂಡೆ.

ಇಲ್ಲಿ ನನಗೆ ಪರಿಚಯದ ಒಬ್ಬ ಹಿರಿಯರಿದ್ದಾರೆ, ಮೂವತ್ತು ನಲವತ್ತು ವರ್ಷದಿಂದ ಕತ್ತಿ ನೋಡಿದವರು. ಅವರಿಗೆ ತೋರಿಸಿದೆ. ಅವರು ಮೊದಲು ಬುಟ್ಟಿ ನೋಡಿ, "ಬುಟ್ಟಿ ನಿಜ, 18ನೇ ಶತಮಾನದ್ದೇ" ಅಂದರು. ನನಗೆ ಖುಷಿ. ಆಮೇಲೆ ಅಲಗನ್ನು ಕಿಟಕಿ ಬೆಳಕಿಗೆ ಅಡ್ಡಡ್ಡ ಹಿಡಿದು ತಿರುಗಿಸ್ತಾ ತಿರುಗಿಸ್ತಾ ಸುಮ್ಮನಾದರು. "ನೀವೇ ನೋಡಿ" ಅಂದರು. ಬೆಳಕು ಓರೆಯಾಗಿ ಬಿದ್ದಾಗ ಅಲಗಿನ ಮೇಲೆ ನೆರಳಿನ ಹಾಗೆ ಒಂದು ಕಿರೀಟ, ಅದರ ಕೆಳಗೆ ಅರ್ಧ ಅಳಿಸಿದ ಅಕ್ಷರ ಕಾಣಿಸಿತು. ವಿಕ್ಟೋರಿಯಾ ರಾಣಿಯ ಮುದ್ರೆ! 1828ರ ಮಾದರಿಯ ಹೈಲ್ಯಾಂಡ್ ಪಡೆಯ ಅಧಿಕಾರಿಗಳ ಕತ್ತಿಗಳಲ್ಲಿ ಆಸಿಡ್‌ನಿಂದ ಕೊರೆದ ಇಂಥ ಚಿತ್ತಾರ ಇರುತ್ತೆ. ಅದನ್ನು ಯಾರೋ ಕೂತು ಉಜ್ಜಿ ತೆಗೆದಿದ್ದರು. ಕೊನೆಗೆ ಅವರು ನೀಲಿ ಬೆಳಕಿನ ಟಾರ್ಚ್ (ಅದೇ, ಕಳ್ಳನೋಟು ನೋಡೋ ಅಲ್ಟ್ರಾವಯೊಲೆಟ್ ಟಾರ್ಚ್) ಬುಟ್ಟಿಯೊಳಗೆ ಬಿಟ್ಟರು. ಸಂದಿಯಲ್ಲಿ ತುಂಬಿದ ಅಂಟು ಬೆಳ್ಳಗೆ ಹೊಳೆಯಿತು. ಎಪಾಕ್ಸಿ. 18ನೇ ಶತಮಾನದ ಎಪಾಕ್ಸಿ, ಕೇಳಿದ್ದೀರಾ ಎಲ್ಲಾದರೂ?

ಈಗ ಇಲ್ಲೊಂದು ಸೂಕ್ಷ್ಮ ಇದೆ, ನನ್ನ ವಾದವೆಲ್ಲ ಇದರ ಮೇಲೇ ನಿಂತಿರೋದು. ವಿಕ್ಟೋರಿಯಾ ಕಾಲದ ಒಬ್ಬ ಅಧಿಕಾರಿ ತನ್ನ ಮುತ್ತಾತನ ಬುಟ್ಟಿಗೆ ಆಗಿನ ಸರ್ಕಾರಿ ಮಾದರಿಯ ಅಲಗು ಹಾಕಿಸಿಕೊಂಡಿದ್ದರೆ? ಅದೂ ಆಗಬಹುದಾಗಿದ್ದದ್ದೇ. ಹಾಗಾಗಿದ್ದರೆ ಅದು ಎಂಥ ಚೆಂದದ ಕತ್ತಿ! ಒಂದು ಮನೆತನದ ನೂರು ವರ್ಷ ಒಂದೇ ವಸ್ತುವಿನಲ್ಲಿ. ಆದರೆ ಆ ಅಧಿಕಾರಿ ರಾಣಿಯ ಮುದ್ರೆಯನ್ನು ಯಾಕೆ ಉಜ್ಜಿ ಹಾಕ್ತಾನೆ? ಅವನಿಗೆ ಅದು ಹೆಮ್ಮೆಯ ಗುರುತು. ಅದು ಬೇಡವಾಗಿದ್ದು ಅಲಗನ್ನು ನೂರು ವರ್ಷ ಹಳೇದು ಅಂತ ಮಾರಬೇಕಾದವನಿಗೆ ಮಾತ್ರ.

ಜೋಡಿಸಿದ್ದು ತಪ್ಪಲ್ಲ. ಅಳಿಸಿದ್ದು ತಪ್ಪು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಕತ್ತಿಗಳಲ್ಲೂ ಹಾಗೇ. ನಿಜವಾದ ಹಳೇ ಜೋಡಣೆಗೆ ಮುಚ್ಚಿಡೋ ಗರಜು ಇರಲ್ಲ.

ಹಾಗಾದರೆ ನೋಡೋದು ಹೇಗೆ? ನನ್ನ ಹಾಗೆ ಕೈ ಸುಟ್ಟುಕೊಳ್ಳೋರಿಗೆ ಉಪಯೋಗವಾಗಲಿ ಅಂತ ಬರೀತೀನಿ. ಮೊದಲೇ ಹೇಳಿಬಿಡ್ತೀನಿ, ಇದರಲ್ಲಿ ಯಾವ ಒಂದೂ ತಾನಾಗೇ ಸಾಕ್ಷಿಯಲ್ಲ. ನಾಲ್ಕೈದು ಸೇರಿ ಒಂದೇ ಕಡೆ ಬೆರಳು ತೋರಿಸಬೇಕು.

ಅಲಗಿನ ಬುಡ ನೋಡಿ. ಅಲಗು ಕೈಕಾಪಿನ ಸೀಳಿನಲ್ಲಿ ಕೂರುತ್ತೆ. ಆ ಸೀಳನ್ನು ಆ ಅಲಗಿಗೆ ಅಂತಲೇ ಅರ ಹಾಕಿ ಕೂರಿಸಿರ್ತಾರೆ. ಸೀಳು ದೊಡ್ಡದು, ಅಲಗು ಚಿಕ್ಕದು, ನಡುವೆ ಹಿತ್ತಾಳೆ ಚೂರೋ ಅಂಟೋ ಇದ್ದರೆ ಪ್ರಶ್ನೆ ಕೇಳಬೇಕು. ಮೇಳದ ಆ ರೇಪಿಯರ್ ವಿಷಯವೂ ಇದೇ. ಉಂಗುರಗಳಿರೋ ರೇಪಿಯರ್ ಹಿಡಿಯಲ್ಲಿ ಅಲಗಿನ ಬುಡದ ಒಂದಿಷ್ಟು ಭಾಗ ಮೊಂಡಾಗಿ, ದಪ್ಪಗೆ ಇರುತ್ತೆ. ಬೆರಳು ಅದರ ಮೇಲೆ ಬರಬೇಕಲ್ಲ, ಹರಿತ ಇದ್ದರೆ ಬೆರಳು ಹೋಯ್ತು! ಹುಡುಗ ತಗೊಂಡ ಕತ್ತಿಯಲ್ಲಿ ಹರಿತ ಹಿಡಿಯವರೆಗೂ ಬಂದಿತ್ತು.

ಹಿಡಿಯ ತುದಿ ನೋಡಿ. ಅಲಗಿನ ಬಾಲ (ಟ್ಯಾಂಗ್) ಹಿಡಿಯೊಳಗಿಂದ ಹಾದು, ತುದಿಯ ಗುಂಡಿನಿಂದ (ಪಾಮೆಲ್) ಆಚೆ ಬರುತ್ತೆ. ಅದನ್ನು ಬಡಿದು ಮೊಳೆಯ ತಲೆಯ ಹಾಗೆ ಚಪ್ಪಟೆ ಮಾಡಿರ್ತಾರೆ. ಆ ತಲೆ ಮಾತ್ರ ಹೊಸದಾಗಿ ಮಿಂಚ್ತಾ ಇದ್ದರೆ, ಸುತ್ತ ಅರದ ಗೀರು ಇದ್ದರೆ, ಯಾರೋ ಬಿಚ್ಚಿ ಮತ್ತೆ ಹಾಕಿದ್ದಾರೆ ಅಂತ ಅರ್ಥ. ರಿಪೇರಿಗೂ ಬಿಚ್ಚಿರಬಹುದು. ಆದರೆ 15ನೇ ಶತಮಾನದ ಕತ್ತಿ ಅಂತ ಹೇಳಿ ಅಲ್ಲಿ ಸ್ಕ್ರೂ ಮತ್ತು ನಟ್ ಇದ್ದರೆ ನಮಸ್ಕಾರ ಹೇಳಿ ಬನ್ನಿ.

ತುಕ್ಕು ನೋಡಿ. ಅಲಗಿನಲ್ಲಿ ಗುಳಿ ಬೀಳೋ ಹಾಗೆ ತುಕ್ಕು ತಿಂದಿದೆ, ಕೈಕಾಪು ಮಾತ್ರ ನುಣ್ಣಗಿದೆ ಅಂದರೆ ಎರಡೂ ಒಂದೇ ಮನೆಯಲ್ಲಿ ಬಾಳಿಲ್ಲ. ಇಲ್ಲೂ ಎಚ್ಚರ ಬೇಕು. ಉಕ್ಕು, ಕಬ್ಬಿಣ ಬೇರೆ ಬೇರೆ ಥರ ತುಕ್ಕು ಹಿಡಿಯುತ್ತವೆ. ಹಿಡಿಯನ್ನು ಮಾತ್ರ ಯಾರೋ ತಿಕ್ಕಿರಬಹುದು.

ಕಾಲದ ದಿಕ್ಕು ನೋಡಿ. ಒಳ್ಳೇ ಅಲಗಿಗೆ ಮುಂದಿನ ಪೀಳಿಗೆ ಹೊಸ ಹಿಡಿ ಹಾಕಿಸೋದು ಸಹಜ. ಅಂದರೆ ಅಲಗು ಹಳೇದು, ಹಿಡಿ ಹೊಸದು. ಉಲ್ಟಾ ಇದ್ದಾಗ, ಹಿಡಿ ಹಳೇದು ಅಲಗು ಹೊಸದು ಆದಾಗ, ಕಾರಣ ಕೇಳಿ. ಇರಬಹುದು, ಅಲಗು ಮುರಿಯುವ ವಸ್ತುವೇ. ಆದರೆ ಕೇಳಿ.

ಬರಹ ಓದಿ. ಇದು ಸೈನ್ಯದ ಕತ್ತಿಗಳಲ್ಲಿ ವರದಾನ. 1730ರಲ್ಲಿ ಶುರುವಾದ ಫ್ರಾನ್ಸಿನ ಕ್ಲಿಂಗೆಂಥಾಲ್ ಕಾರ್ಖಾನೆಯ ಎಷ್ಟೋ ಅಲಗುಗಳ ಬೆನ್ನಿನ ಮೇಲೆ ತಯಾರಾದ ತಿಂಗಳು, ವರ್ಷ ಕೆತ್ತಿರುತ್ತೆ. ಲಂಡನ್ನಿನ ವಿಲ್ಕಿನ್ಸನ್ ಕಂಪನಿ 1850ರ ದಶಕದಿಂದ ಅಧಿಕಾರಿಗಳ ಕತ್ತಿಗಳಿಗೆ ನಂಬರ್ ಹಾಕಿ ಪುಸ್ತಕದಲ್ಲಿ ಬರೆದಿಟ್ಟಿತು. ಅಂಥವು ಸುಳ್ಳು ಹೇಳೋದು ಕಷ್ಟ.

ಹಿಡಿಯ ಮರ, ಚರ್ಮ, ತಂತಿ ಬದಲಾಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಮುನ್ನೂರು ವರ್ಷ ಮರ ಉಳಿಯೋದೇ ಅಪರೂಪ. ಅದು ಅಜ್ಜನ ಕತ್ತಿಯ ಲೆಕ್ಕ.

"ಸರಿ ಮಾರಾಯ, ಶ್ರೀಮಂತರ ಶೋಕಿಗೆ ಮೋಸವಾದರೆ ನಮಗೇನು?" ಅಂತ ಕೇಳ್ತೀರಿ. ನನ್ನ ದುಡ್ಡು ಹೋಯ್ತು ಅನ್ನೋದು ಸಣ್ಣ ವಿಷಯ. ದೊಡ್ಡದು ಬೇರೆ ಇದೆ.

ಹಳೇ ಕತ್ತಿಗಳ ಬಗ್ಗೆ ನಮಗೆ ಗೊತ್ತಿರೋದೆಲ್ಲ ಬಹುಪಾಲು ಕತ್ತಿಗಳೇ ಹೇಳಿದ್ದು. ಇವರ್ಟ್ ಓಕ್‌ಶಾಟ್ (1916-2002) ಮಧ್ಯಯುಗದ ಕತ್ತಿಗಳನ್ನು ಅಲಗಿನ ಆಕಾರ ನೋಡಿ ಹತ್ತರಿಂದ ಇಪ್ಪತ್ತೆರಡರವರೆಗೆ ನಂಬರ್ ಕೊಟ್ಟು ವಿಂಗಡಿಸಿದರು. ಪಾಮೆಲ್‌ಗಳಿಗೂ ಕೈಕಾಪುಗಳಿಗೂ ಬೇರೆ ಪಟ್ಟಿ ಮಾಡಿದರು. ಯಾವ ಅಲಗಿನ ಜೊತೆ ಯಾವ ಹಿಡಿ ಬರುತ್ತೆ, ಯಾವ ಕಾಲದಲ್ಲಿ ಅನ್ನೋದು ಇಡೀ ಉಳಿದ ಕತ್ತಿಗಳಿಂದ ತಿಳಿಯೋದು. ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಶಸ್ತ್ರಾಗಾರಕ್ಕೆ 14-15ನೇ ಶತಮಾನದಲ್ಲಿ ಸೇರಿದ ಯುರೋಪಿನ ಕತ್ತಿಗಳ ಮೇಲೆ ಅರಬ್ಬಿಯಲ್ಲಿ ಬರೆದಿದ್ದಾರೆ, ಕೆಲವಕ್ಕೆ ಇಸವಿಯೂ ಇದೆ. ಆ ಕತ್ತಿ ಆ ಇಸವಿಗೆ ಮೊದಲೇ ಇತ್ತು ಅಂತ ಖಾತ್ರಿ. ಆದರೆ ಬರಹ ಇರೋದು ಅಲಗಿನ ಮೇಲೆ! ಮಧ್ಯೆ ಯಾರೋ ಹಿಡಿ ಬದಲಾಯಿಸಿ ಗಪ್‌ಚುಪ್ ಇದ್ದರೆ, ಆ ಹಿಡಿಗೂ ಅದೇ ಇಸವಿ ಅಂಟಿಕೊಳ್ಳುತ್ತೆ. ಒಂದು ಸುಳ್ಳು ಜೋಡಿ ಪುಸ್ತಕಕ್ಕೆ ಸೇರಿದರೆ, ಮುಂದಿನವನು ಆ ಪುಸ್ತಕ ನೋಡಿ ಇನ್ನೊಂದು ಸುಳ್ಳು ಜೋಡಿಯನ್ನು ನಿಜ ಅಂತಾನೆ.

ಇನ್ನೊಂದು ನಷ್ಟವೂ ಇದೆ. ಒಂದು ಸುಳ್ಳು ಕತ್ತಿ ಮಾಡೋಕೆ ಎರಡು ನಿಜವಾದ ಕತ್ತಿ ಬಿಚ್ಚಬೇಕು. ನನ್ನ ಬುಟ್ಟಿಯ ಮೂಲ ಅಲಗು ಎಲ್ಲಿ? ಆ ವಿಕ್ಟೋರಿಯಾ ಅಲಗಿನ ಮೂಲ ಹಿಡಿ ಎಲ್ಲಿ? ಅವೆರಡೂ ಮುರಿದ ಅನಾಥ ಭಾಗಗಳೇ ಆಗಿದ್ದವೋ, ಇಡೀ ಕತ್ತಿಗಳಾಗಿದ್ದವೋ ಇನ್ನು ಯಾರಿಗೂ ಗೊತ್ತಾಗಲ್ಲ.

ಇದು ಹೊಸ ರೋಗವೇನಲ್ಲ. 19ನೇ ಶತಮಾನದಲ್ಲಿ ಇಂಗ್ಲೆಂಡಿನ ಸಿರಿವಂತರಿಗೆ ಮಧ್ಯಯುಗದ ಹುಚ್ಚು ಹಿಡಿದಿತ್ತು. 1839ರಲ್ಲಿ ಸ್ಕಾಟ್ಲೆಂಡಿನ ಎಗ್ಲಿಂಟನ್‌ನಲ್ಲಿ ದೊರೆಗಳೆಲ್ಲ ಹಳೇ ಕಾಲದ ವೀರರ ವೇಷ ಹಾಕಿ ಕಾಳಗದಾಟ ಆಡೋಕೆ ಹೊರಟರು (ಜೋರು ಮಳೆ ಬಂದು ಎಲ್ಲ ಕೆಸರಾಯ್ತು, ಅದು ಬೇರೆ). ಅದಕ್ಕೆ ಕವಚ ಒದಗಿಸಿದ್ದು ಸ್ಯಾಮ್ಯುಯೆಲ್ ಪ್ರ್ಯಾಟ್ ಅನ್ನೋ ಲಂಡನ್ ವ್ಯಾಪಾರಿ. ಬೇಡಿಕೆ ಇದ್ದಷ್ಟು ಹಳೇ ಸಾಮಾನು ಇರಲಿಲ್ಲ, ಇಲ್ಲದ್ದನ್ನು ಕೂಡಿಸಿದರು, ಹುಟ್ಟಿಸಿದರು. ಮ್ಯೂನಿಕ್‌ನ ಎರ್ನ್ಸ್ಟ್ ಶ್ಮಿಟ್ ತನ್ನ ನಕಲುಗಳನ್ನು ನಕಲು ಅಂತಲೇ ಕ್ಯಾಟಲಾಗ್ ಹಾಕಿ ಮಾರಿದ. ಕೊಂಡವರ ಕೈ ದಾಟಿದ ಮೇಲೆ ಅವೇ ಅಸಲಿ ಆದವು. ಗೈ ಲೇಕಿಂಗ್ ಬರೆದ ಐದು ಸಂಪುಟಗಳ ದೊಡ್ಡ ಗ್ರಂಥದ (1920-22) ಕೊನೆಯ ಸಂಪುಟದಲ್ಲಿ ನಕಲಿಗಳಿಗಂತಲೇ ಒಂದು ಅಧ್ಯಾಯ ಇದೆ. ನೂರು ವರ್ಷದಿಂದ ಗೊತ್ತಿದ್ದೂ ನಾವು ಅದೇ ವಾಕ್ಯಕ್ಕೆ ಬೀಳ್ತಿದ್ದೀವಿ.

ಹೀಗೆಲ್ಲ ಹೇಳಿದರೆ ಸಾಮಾನ್ಯವಾಗಿ ಬರೋ ಉತ್ತರ ಎರಡು.

ಒಂದು: "ಕೊಳ್ಳೋನು ಓದಿಕೊಂಡು ಬರಬೇಕು." ಸ್ವಾಮಿ, ಕತ್ತಿ ವಾರಗಟ್ಟಲೆ ನಿಮ್ಮ ಕೈಯಲ್ಲಿತ್ತು. ಟಾರ್ಚ್ ನಿಮ್ಮ ಹತ್ತಿರ ಇದೆ. ಇಪ್ಪತ್ತೈದರ ಹುಡುಗ ಐದು ನಿಮಿಷದಲ್ಲಿ ನೋಡಬೇಕಾದ್ದನ್ನು ನೀವು ಯಾಕೆ ನೋಡಲಿಲ್ಲ? ನೋಡಿದ್ದರೆ ಯಾಕೆ ಹೇಳಲಿಲ್ಲ?

ಎರಡು: "ಎಲ್ಲ ಕತ್ತಿಯೂ ಒಂದಲ್ಲ ಒಂದು ಥರ ಜೋಡಿಸಿದ್ದೇ." ಮೇಲೆ ನಾನೇ ಒಪ್ಪಿಕೊಂಡೆನಲ್ಲ! ಹಾಲಿಗೆ ನೀರು ಸೇರಿಸೋನು ಹಾಲಲ್ಲಿ ಮೊದಲೇ ನೀರಿನ ಅಂಶ ಇರುತ್ತೆ ಅಂದ ಹಾಗಾಯ್ತು. ಯಾವಾಗ ಜೋಡಿಸಿದ್ದು, ಯಾವ ಗುರುತಿನಿಂದ ಹಾಗೆ ಹೇಳ್ತೀರಿ, ಅದನ್ನು ಹೇಳಿ. "ಆ ಕಾಲದಲ್ಲೇ" ಅನ್ನೋದು ಒಂದು ವಾದ. ವಾದ ಮಾಡಿದವನೇ ಸಾಕ್ಷಿ ಕೊಡಬೇಕು. ಕೊಡೋಕೆ ಆಗದಿದ್ದರೆ "ಜೋಡಿಸಿದ್ದು, ಯಾವಾಗ ಅಂತ ಗೊತ್ತಿಲ್ಲ" ಅಂತ ಬರೆದು ಅದಕ್ಕೆ ತಕ್ಕ ಬೆಲೆಗೆ ಮಾರಿ. ಅಂಥದ್ದನ್ನೂ ಕೊಳ್ಳೋರಿದ್ದಾರೆ, ಮೊದಲು ನಾನೇ ಇದ್ದೀನಿ. ಲಂಡನ್ನಿನ ವಾಲೆಸ್ ಕಲೆಕ್ಷನ್‌ನಂಥ ದೊಡ್ಡ ಮ್ಯೂಸಿಯಮ್ಮುಗಳೇ ತಮ್ಮ ಕ್ಯಾಟಲಾಗುಗಳಲ್ಲಿ ಇಂಥ ವಸ್ತುಗಳನ್ನು ಜೋಡಣೆ ಅಂತ ಬಾಯಿಬಿಟ್ಟು ಹೇಳ್ತವೆ. ಅದರಿಂದ ಅವರ ಮಾನವೇನೂ ಹೋಗಿಲ್ಲ.

ಶುದ್ಧ ಮಡಿಯ ಸಂಗ್ರಹಕಾರರಿಗೂ ಒಂದು ಮಾತು. ಜೋಡಣೆ ಅಂದ ತಕ್ಷಣ ಮೂಗು ಮುರಿದು ಬೆಲೆ ಪಾತಾಳಕ್ಕೆ ತಳ್ಳೋರು ನೀವು. ನಿಜ ಹೇಳಿದವನಿಗೆ ನೀವು ಶಿಕ್ಷೆ ಕೊಟ್ಟರೆ ಮುಂದಿನ ಸಲ ಅವನು ಯಾಕೆ ನಿಜ ಹೇಳ್ತಾನೆ? ಮುದ್ರೆ ಉಜ್ಜಿದವನ ಕೈಗೆ ಉಜ್ಜುಕಾಗದ ಕೊಟ್ಟಿದ್ದರಲ್ಲಿ ನಿಮ್ಮದೂ ಪಾಲಿದೆ.

ನನ್ನ ಕತ್ತಿಯ ಕಥೆ ಮುಗಿಸ್ತೀನಿ. ಹರಾಜಿನವರು ದುಡ್ಡು ವಾಪಸ್ ಕೊಡಲಿಲ್ಲ, ಇದ್ದದ್ದು ಇದ್ದ ಹಾಗೆ ಮಾರಿದ್ದು ಅಂದರು. ಎರಡು ವರ್ಷದ ನಂತರ ಒಬ್ಬರು ನಮ್ಮ ಮನೆಗೆ ಬಂದಾಗ ಅದನ್ನು ನೋಡಿ ಕೇಳಿದರು, ನಾನು ಕೊಟ್ಟದ್ದಕ್ಕಿಂತ ಜಾಸ್ತಿಗೆ. "ಸಂದಿ ಯಾಕೆ?" ಅಂತಲೂ ಕೇಳಿದರು. ಆ ವಾಕ್ಯ ನನ್ನ ನಾಲಿಗೆ ತುದಿಗೆ ಬಂದಿತ್ತು. ಸುಳ್ಳು ಯಾಕೆ ಹೇಳಲಿ, ನಿಜವಾಗಲೂ ಬಂದಿತ್ತು. ಊರಿನ ಟಿಕೆಟ್ ಕಣ್ಣ ಮುಂದೆ ಬಂತು. ಕೊನೆಗೆ ಟಾರ್ಚ್ ತಂದು ತೋರಿಸಿದೆ. ಅವರು ಕಾಫಿ ಕುಡಿದು ಹೋದರು. ಅವತ್ತೇ ಒಂದು ರಟ್ಟಿನ ಚೀಟಿಯಲ್ಲಿ "ಬುಟ್ಟಿ 18ನೇ ಶತಮಾನ, ಅಲಗು 19ನೇ ಶತಮಾನ, ಮುದ್ರೆ ಅಳಿಸಲಾಗಿದೆ, ಎಪಾಕ್ಸಿ ಹಾಕಿ ಕೂಡಿಸಿದ್ದು" ಅಂತ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಬರೆದು ಹಿಡಿಗೆ ಕಟ್ಟಿದೆ. ನನ್ನ ನಂತರ ಯಾರ ಕೈಗೆ ಹೋದರೂ ಚೀಟಿ ಹರಿಯದೆ ಸುಳ್ಳು ಹೇಳೋಕೆ ಆಗಬಾರದು.

ಇಷ್ಟೆಲ್ಲ ಬರೆದವನು ಮೇಳದಲ್ಲಿ ಆ ಹುಡುಗನಿಗೆ ಯಾಕೆ ಹೇಳಲಿಲ್ಲ ಅಂತ ನೀವು ಕೇಳಬೇಕು. ಕೇಳಿ. ಬೇರೆಯವರ ವ್ಯಾಪಾರದಲ್ಲಿ ಬಾಯಿ ಹಾಕಬಾರದು ಅನ್ನೋ ಈ ದೇಶದ ಸಂಕೋಚ, ಆ ಅಂಗಡಿಯವನು ಮುಂದೆ ನನಗೆ ಏನೂ ತೋರಿಸಲ್ಲ ಅನ್ನೋ ಸ್ವಾರ್ಥ, ಎರಡೂ ಸೇರಿ ಬಾಯಿ ಕಟ್ಟಿತು. ಹುಡುಗ ಕತ್ತಿಯನ್ನು ಕಂಕುಳಲ್ಲಿಟ್ಟುಕೊಂಡು ಮಗು ಎತ್ತಿಕೊಂಡ ಹಾಗೆ ಹೋದ. ನನ್ನ ಸಿಟ್ಟಿನಲ್ಲಿ ಅರ್ಧ ಅಂಗಡಿಯವನ ಮೇಲಿದ್ದರೆ ಇನ್ನರ್ಧ ನನ್ನ ಮೇಲೇ ಇದೆ.

ಮುಂದಿನ ತಿಂಗಳು ಅದೇ ಮೇಳ ಮತ್ತೆ ಇದೆ. ಟಾರ್ಚ್ ಜೇಬಿನಲ್ಲಿಟ್ಟುಕೊಂಡು ಹೋಗ್ತೀನಿ. ಈ ಸಲ ಬಾಯಿ ಬಿಡ್ತೀನಿ. ಏನಾಯ್ತು ಅಂತ ಬಂದು ಬರೀತೀನಿ, ಒದೆ ತಿಂದರೆ ಅದನ್ನೂ :-)

ನಿಮ್ಮ ಮನೆಯ ಅಟ್ಟದ ಮೇಲೆ ಹಳೇ ಕತ್ತಿ ಏನಾದರೂ ಇದೆಯಾ? ಅದರ ಹಿಡಿ ಯಾವಾಗ, ಯಾರು ಬದಲಾಯಿಸಿದ್ದು ಅಂತ ಮನೆಯ ಹಿರಿಯರನ್ನು ಈಗಲೇ ಕೇಳಿ ಬರೆದಿಟ್ಟುಕೊಳ್ಳಿ. ಇಲ್ಲೂ ಬರೀರಿ, ಓದೋಕೆ ಕಾಯ್ತಿರ್ತೀನಿ.